ಒಂದು ಹಿಡಿ ಮಣ್ಣು ಕೇಳಿದ ಪಾರ್ವತಿಬಾಯಿ

ಪಾಲಬಾವಿ ಬಿಡುವಾಗ

ಮಾರಿಷಸ್ಸಿಗೆ ಹೋಗಬೇಕಾದವರು ನಮ್ಮ ಯಜಮಾನರು. ಕಬ್ಬು ಹಚ್ಚಿದವರು, ನೀರು ಹಾಯಿಸಿದವರು, ಕಡಿಯುವವರ ಬೆನ್ನು ಹತ್ತಿ ಗಾಡಿ ತುಂಬಿಸಿದವರು ಎಲ್ಲ ಅವರೇ. ಆದರೆ ಒಬ್ಬರ ಹೆಸರಿಗೆ ಇಷ್ಟೇ ಜಮೀನು ಎಂದು ಸರಕಾರ ಮಿತಿ ಹಾಕಿದ ಕಾಲದಲ್ಲಿ ನಾಲ್ಕು ಎಕರೆಯನ್ನು ನನ್ನ ಹೆಸರಿಗೆ ಬರೆಸಿದ್ದರು. ಹೀಗಾಗಿ ಸಕ್ಕರೆ ಕಾರ್ಖಾನೆಯ ಕಾಗದದಲ್ಲಿ ಒಳ್ಳೆಯ ಇಳುವರಿ ತೆಗೆದ ರೈತ ಎಂದು ನನ್ನ ಹೆಸರು ಬಿತ್ತು. ಪರದೇಶದ ಕಬ್ಬು ನೋಡಿಬರಲು ಹನ್ನೊಂದು ಮಂದಿಯನ್ನು ಆರಿಸಿದಾಗ ಅದರಲ್ಲಿ ನನ್ನದೂ ಹೆಸರು.

"ಹೋಗ ನೀನ," ಎಂದರು ಯಜಮಾನರು. "ನಾ ಚಾ ಮಾಡ್ಕೊಂಡು ಕುಡದು ಇರ್ತೇನಿ."

"ಸಕ್ಕರಿ ಡಬ್ಬಿ ಎಲ್ಲೈತಿ, ಹೇಳ್ರಿ ನೋಡೂನು," ಎಂದೆ. ಸಕ್ಕರೆ ಕಾರ್ಖಾನೆಗೆ ಇಪ್ಪತ್ತು ವರ್ಷ ಕಬ್ಬು ಹಾಕಿದ ಮನುಷ್ಯನಿಗೆ ಅದು ಗೊತ್ತಿರಲಿಲ್ಲ. ನಿಪ್ಪಾಣಿಯಿಂದ ನನ್ನ ನಾದಿನಿ ಕಮಲವ್ವನನ್ನು ಕರೆಸಿ ಮನೆ ಒಪ್ಪಿಸಿದೆ.

ನಮ್ಮಲ್ಲಿ ಯಾರೇ ದೂರ ಹೊರಟರೂ ಮೊದಲು ಹೊಲದ ಹಳೆಯ ಬಾವಿಗೆ ಹೋಗಿ ತುಳಸವ್ವನಿಗೆ ಉಡಿ ತುಂಬಬೇಕು. ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲವನ್ನೂ ದಂಡೆಯ ಮೇಲೆ ಇಟ್ಟು ಕೈ ಮುಗಿಯುವುದು. ತುಳಸವ್ವ ನಮ್ಮ ಮಾವನವರ ತಾಯಿ. ಪ್ಲೇಗಿನ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಆಕೆಯ ಗಂಡ ದನ ಹೊಡೆದುಕೊಂಡು ಘಟ್ಟದ ಕಡೆಗೆ ಹೋಗಿದ್ದರು. ನೀರಿಗೆ ಹೋದ ತುಳಸವ್ವ ತಿರುಗಿ ಬರಲಿಲ್ಲ. ಬಾವಿಯ ದಂಡೆಯ ಮೇಲೆ ಕೊಡ ಮಾತ್ರ ಇತ್ತು. ಬಾವಿಗೆ ಇಳಿದು ಹುಡುಕುವಷ್ಟು ಗಟ್ಟಿ ಇದ್ದವರು ಆಗ ಯಾರೂ ಇರಲಿಲ್ಲ. ಅಂದಿನಿಂದ ಆ ಬಾವಿಯ ನೀರು ಕುಡಿಯುವುದನ್ನು ಬಿಟ್ಟರು, ವರ್ಷಕ್ಕೊಮ್ಮೆ ಆಕೆಗೆ ಸೀರೆ ಇಡುವುದನ್ನು ಹಿಡಿದರು. ಮಾವನವರು ಎಂಬತ್ತು ದಾಟಿದ ಮೇಲೂ ತಾವೇ ಹೋಗಿ ಇಡುತ್ತಿದ್ದರು. ಏನೂ ಬೇಡಿಕೊಳ್ಳುತ್ತಿರಲಿಲ್ಲ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸ್ವಲ್ಪ ಹೊತ್ತು ಬಗ್ಗಿ ಒಳಗೆ ನೋಡಿ ಬರುತ್ತಿದ್ದರು.

ಇದು ಒಂದು ಕಥೆ. ಮಾವನವರದೇ ಇನ್ನೊಂದು ಕಥೆ ಇದೆ, ಅದನ್ನು ನಮ್ಮ ಮನೆಯಲ್ಲಿ ಮದುವೆ ಮುಂಜಿವೆಗಳಲ್ಲಿ ಹೇಳುತ್ತಾರೆ. ಅವರ ಹೆಸರು ತಿಪ್ಪಣ್ಣ. ಆರು ತಿಂಗಳ ಕೂಸಾಗಿದ್ದಾಗ ಅವರ ಬಗಲಲ್ಲಿ ಪ್ಲೇಗಿನ ಗಂಟು ಎದ್ದಿತ್ತಂತೆ. ಅವರ ಅಜ್ಜಿ ಬಾಳವ್ವ, ಎಂದರೆ ತುಳಸವ್ವನ ಅತ್ತೆ, ಕೂಸನ್ನು ಮೊರದಲ್ಲಿ ಮಲಗಿಸಿ, ಮೇಲೆ ಬಟ್ಟೆ ಹೊಚ್ಚಿ, ಸತ್ತಿತೆಂದು ಎದೆ ಬಡಿದುಕೊಳ್ಳುತ್ತ ಒಯ್ದು ತಿಪ್ಪೆಯ ಮೇಲೆ ಇಟ್ಟಳು. ಮಾರಿ ನೋಡಲಿ, ಈ ಮನೆಯ ಕೂಸು ಮುಗಿಯಿತೆಂದು ತಿಳಿದು ಮುಂದೆ ಹೋಗಲಿ ಎಂದು. ಮೂರು ದಿನ ಬಿಟ್ಟು, ತಿಪ್ಪೆಯಲ್ಲಿ ಯಾರದೋ ಕೂಸು ಸಿಕ್ಕಿತು ಎಂದು ಎತ್ತಿ ತಂದು ತಿಪ್ಪಣ್ಣ ಎಂದು ಕರೆದಳು. ಕೂಸು ಉಳಿಯದ ಮನೆಗಳಲ್ಲಿ ಹೀಗೆ ಮಾಡುವುದು ನಮ್ಮ ಕಡೆ ಹೊಸದಲ್ಲ. ಅದಕ್ಕೇ ಊರೂರಿಗೆ ತಿಪ್ಪಣ್ಣ, ತಿಪ್ಪವ್ವ ಇದ್ದಾರೆ.

"ಹಡದಾಕಿಗೂ ಹೇಳಿರ್ಲಿಲ್ಲಂತ ನಮ್ಮ ಮುತ್ತಜ್ಜಿ," ಎಂದು ಕಮಲವ್ವ ಪ್ರತಿಸಲ ನಗುತ್ತಾಳೆ. "ತಾಯಿ ಖರೇನ ಅತ್ತರ ಮಾರಿ ನಂಬೂದು ಅಂತಿದ್ಲಂತ. ಮಾರಿಗೇ ಟೋಪಿ ಹಾಕಿದಾಕಿ!"

ಈ ಎರಡು ಕಥೆಗಳನ್ನು ಒಂದೇ ದಿನ ಹೇಳಿದ್ದನ್ನು ನಾನು ಕೇಳಿಲ್ಲ. ಒಂದು ಬಾವಿಯ ಕಥೆ, ಒಂದು ಮದುವೆ ಮನೆಯ ಕಥೆ. ಎರಡೂ ಒಂದೇ ವಾರದಲ್ಲಿ ನಡೆದದ್ದೆಂದು ಯಾರೂ ಲೆಕ್ಕ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ.

ವಿಮಾನ

ವಿಮಾನದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಜಾಸ್ತಿ ಬರೆಯುವುದಿಲ್ಲ. ಕಿವಿ ಮುಚ್ಚಿಕೊಂಡವು. ನಮ್ಮ ತಂಡದ ಹಿರಿಯರು ಅಣ್ಣಾಸಾಹೇಬರು, ಅಥಣಿ ಕಡೆಯವರು, ದ್ರಾಕ್ಷಿ ಮತ್ತು ಕಬ್ಬು ಎರಡೂ ಇದ್ದವರು. ವಿಮಾನ ಏಳುವಾಗ ಮುಂದಿನ ಕುರ್ಚಿಯನ್ನು ಹಿಡಿದುಕೊಂಡವರು ಇಳಿಯುವವರೆಗೂ ಬಿಡಲಿಲ್ಲ. ಅಲ್ಲಿ ಕುಳಿತಿದ್ದ ಬಿಳಿಯ ಹೆಂಗಸು ಎರಡು ಸಲ ತಿರುಗಿ ನೋಡಿದಳು.

"ಸಾವ್ಕಾರ್ರ, ಆ ಹೆಣ್ಮಗಳ ಕೂದಲಾನೂ ಹಿಡದೀರಿ," ಎಂದೆ.

"ಹೌದೇನ್ರಿ ವೈನಿ? ನಾ ದಾರ ಅನ್ಕೊಂಡಿದ್ನಿ."

ಇಳಿದ ಮೇಲೆ ನನ್ನ ಚೀಲ ತೆಗೆಸಿದರು. ಕಟಕ ರೊಟ್ಟಿ ನೋಡಿ ಅಲ್ಲಿಯ ಅಧಿಕಾರಿ ಅದನ್ನು ಬಡಿದು ನೋಡಿದ, ಹಲಗೆಯಂತೆ ಸದ್ದು ಮಾಡಿತು. ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿ ಮೂಗು ಹತ್ತಿರ ಒಯ್ದವನು ನಾಲ್ಕು ಸಲ ಸೀನಿ, ಕೈ ಮಾಡಿ ನಮ್ಮನ್ನೆಲ್ಲ ಹೊರಗೆ ಬಿಟ್ಟ. ಹಿಂದಿದ್ದವರ ಚೀಲ ತೆಗೆಸಲೇ ಇಲ್ಲ. ಪ್ರವಾಸ ಮುಗಿಯುವವರೆಗೂ ಅಣ್ಣಾಸಾಹೇಬರು ನನ್ನ ಹಿಂಡಿಯನ್ನು ಪಾಸ್‌ಪೋರ್ಟ್ ಎಂದೇ ಕರೆದರು.

ಕಬ್ಬಿನ ನಡುವೆ

ಅಲ್ಲಿ ರಸ್ತೆಯ ಎರಡೂ ಕಡೆ ಕಬ್ಬು, ಗುಡ್ಡದ ಬುಡದವರೆಗೂ ಕಬ್ಬು, ಸಮುದ್ರದ ಉಸುಕು ಶುರುವಾಗುವವರೆಗೂ ಕಬ್ಬು. ನಮ್ಮ ಕಡೆಯಂತೆ ನಡುವೆ ಒಂದು ಬದನೆಯ ಸಾಲು, ಬದುವಿನ ಮೇಲೆ ಒಂದು ಬೇವಿನ ಗಿಡ ಇಲ್ಲ. ಗಾಳಿಗೆ ಬೀಳದ ಗಿಡ್ಡ ಜಾತಿಯ ಕಬ್ಬು. ನಮ್ಮವರು ಜಲ್ಲೆಯ ಗಣಿಕೆ ಎಣಿಸಿದರು, ಮಣ್ಣು ಮೂಸಿದರು, ನಮ್ಮದೇ ಚಲೋ ಎಂದು ತೀರ್ಮಾನ ಮಾಡಿದರು.

ಹೊಲದ ನಡುವೆ ಅಲ್ಲಲ್ಲಿ ಕರಿಯ ಕಲ್ಲಿನ ಗುಪ್ಪೆಗಳು, ಮನೆಯಷ್ಟು ಎತ್ತರ. ದೇವರ ಕಟ್ಟೆಯೋ ಏನೋ ಎಂದು ನಾನು ಕೈ ಮುಗಿಯಲು ಹೋದೆ. ನಮ್ಮನ್ನು ಕರೆದುಕೊಂಡು ಹೋದ ವ್ಯಕ್ತಿ ತಡೆದು ಹೇಳಿದ: ಇದೆಲ್ಲ ಮೊದಲು ಕಲ್ಲು ನೆಲ. ಹಿಂದೂಸ್ತಾನದಿಂದ ಕರಾರಿನ ಮೇಲೆ ಹಡಗಿನಲ್ಲಿ ಬಂದ ಕೂಲಿಗಳು ಕೈಯಿಂದ ಆರಿಸಿ ಒಟ್ಟಿದ್ದು. ಇಳಿಸಿದ ಕೈಯನ್ನು ನಾನು ಮತ್ತೆ ಎತ್ತಿ ಮುಗಿದೆ. ನಮ್ಮ ಹೊಲದ ಕಲ್ಲು ಆರಿಸಿ ನನಗೆ ಗೊತ್ತಿದೆ, ಸೊಂಟ ಏನಾಗುತ್ತದೆ ಎಂದು.

ಮಧ್ಯಾಹ್ನ ರಸ್ತೆಯ ಬದಿಯಲ್ಲಿ ತೆಳ್ಳಗಿನ ಹೋಳಿಗೆ ಮಾರುತ್ತಿದ್ದರು. ಹಬ್ಬವೇ ಬಂತೆಂದು ತುಪ್ಪ ಇಲ್ಲದಿದ್ದರೂ ದೊಡ್ಡ ತುತ್ತು ಕಚ್ಚಿದೆ. ಒಳಗೆ ಬೇಳೆ ಇದೆ, ಬೆಲ್ಲ ಇಲ್ಲ! ಉಪ್ಪು, ಮೇಲೆ ಮೆಣಸಿನಕಾಯಿ. ಬೆಲ್ಲದ ಕನಸು ಕಂಡ ನಾಲಿಗೆಗೆ ಅದನ್ನು ಒಪ್ಪಿಸಲು ಎರಡು ದಿನ ಹಿಡಿಯಿತು.

ಗುಡಿಯ ಊರು

ನಾಲ್ಕನೆಯ ದಿನ ಮರಾಠಿ ಜನ ಇರುವ ಒಂದು ಊರಿಗೆ ಒಯ್ದರು. ಅಲ್ಲಿ ಖಂಡೋಬಾನ ಗುಡಿ ಇತ್ತು. ನಮ್ಮ ಮಂಗಸೂಳಿಯ ಮಲ್ಲಯ್ಯನಿಗೂ ಮರಾಠಿ ಮಾತಿನವರು ಹಾಗೇ ಅನ್ನುವುದು. ಗುಡಿಗೆ ತಗಡಿನ ಮಾಡು, ಗೋಡೆಗೆ ನೀಲಿ ಬಣ್ಣ. ಆದರೆ ಅರಿಷಿಣ ಅದೇ, ಹಾರಿಸುವ ರೀತಿ ಅದೇ. ನನ್ನ ತಲೆಯ ಮೇಲೆ ಬಿದ್ದದ್ದೇ ತಡ, ನಾಲ್ಕು ದಿನದಿಂದ ಬಾರದ ಅಳು ಬಂತು.

ಗುಡಿಯ ಬಾಗಿಲಲ್ಲಿ ಫ್ರಾಕು ತೊಟ್ಟ, ಹಣೆಗೆ ಕುಂಕುಮ ಹಚ್ಚಿದ ಒಬ್ಬಳು ನಮ್ಮ ಒಬ್ಬೊಬ್ಬರನ್ನೇ ನಿಲ್ಲಿಸಿ ಹಿಂದಿಯಲ್ಲಿ ಊರು ಕೇಳುತ್ತಿದ್ದಳು. ಹೆಸರು ಸುನೀತಾ, ಅಲ್ಲಿಯ ಶಾಲೆಯ ಮಾಸ್ತರಿಣಿ. ಹಿಂದೂಸ್ತಾನದಿಂದ ಯಾರು ಬಂದರೂ ಹೀಗೆ ಕೇಳುತ್ತಾಳಂತೆ. ಅವಳಿಗಿಂತ ಮೊದಲು ಅವಳ ತಾಯಿ ಕೇಳುತ್ತಿದ್ದಳಂತೆ. ಮನೆಯಲ್ಲಿರುವ ಅಜ್ಜಿಗಾಗಿ.

"ನೀವು ಪಾಲಬಾವಿ ಎಂಬ ಊರು ಕೇಳಿದ್ದೀರಾ?"

ಅಣ್ಣಾಸಾಹೇಬರು ನಕ್ಕುಬಿಟ್ಟರು. "ಕೇಳೂದೇನ್ ಬಂತು? ಇಕಾ ನಿಂತೈತಲ್ಲ, ಪಾಲಬಾವಿ!" ಎಂದು ನನ್ನನ್ನು ತೋರಿಸಿದರು.

ಸುನೀತಾ ನಗಲಿಲ್ಲ. ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು. ಅಣ್ಣಾಸಾಹೇಬರು ಹಿಂದೆ ಬಂದರು.

ಪಾರ್ವತಿಬಾಯಿಯ ಮನೆ

ಸುನೀತಾಳ ಅಜ್ಜಿ, ಎಂಬತ್ತರ ಮುದುಕಿ ಪಾರ್ವತಿಬಾಯಿ ಪಡಸಾಲೆಯಲ್ಲಿ ಕುಳಿತು ಬಟ್ಟೆ ಹೊಲಿಯುತ್ತಿದ್ದರು. ಉದ್ದ ಗೌನು, ಹೆಗಲ ಮೇಲೆ ಒಂದು ತುಂಡು ಸೆರಗು. ಮಾತು ಹಳೆಯ ಮರಾಠಿ. ನಡುನಡುವೆ ಅವ್ವ, ಕೂಸು, ಕುಂಚಗಿ ಎಂದು ನಮ್ಮ ಶಬ್ದ. ಮರಾಠಿ ನಮಗೆಲ್ಲ ಬರುತ್ತದೆ. ಅವರ ಮಾತನ್ನು ನನ್ನ ಕಿವಿಗೆ ಕೇಳಿಸಿದಂತೆ ನಮ್ಮ ಮಾತಿನಲ್ಲಿಯೇ ಬರೆಯುತ್ತೇನೆ.

"ಪಾಲಬಾವಿ ಇನ್ನೂ ಐತೇನ್ರಿ?" ಎಂದರು ಮೊದಲಿಗೆ.

"ಐತ್ರಿ ಆಯಿ. ಈಗ ಕರೆಂಟೂ ಬಂದೈತಿ."

"ನಮ್ಮವ್ವ ಅಲ್ಲಿಯಾಕಿ. ತುಳಸಾ ಅಂತ."

ನನ್ನ ಕೈಯಲ್ಲಿ ಚಹದ ಕಪ್ಪು ಇತ್ತು. ಅದನ್ನು ಕೆಳಗೆ ಇಟ್ಟೆ. ಹೆಸರು ಹೆಸರು ಕೂಡುತ್ತವೆ, ಊರಿನಲ್ಲಿ ಎಷ್ಟು ತುಳಸವ್ವರಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಪ್ಲೇಗಿನಾಗ ಆಕಿ ಚೊಚ್ಚಲ ಮಗಾ ಸತ್ತಿತು," ಎಂದರು ಅವರು. "ಆರ ತಿಂಗಳದ್ದು. ಅತ್ತಿ ಮೊರದಾಗ ಹಾಕ್ಕೊಂಡ ಒಯ್ದದ್ದನ್ನ ನಮ್ಮವ್ವ ಕಣ್ಣಾರೆ ನೋಡ್ಯಾಳ. ಅರಬಿ ಸರಿಸಿ ಮುಖಾ ನೋಡ್ತೇನಿ ಅಂದ್ರ ಬಿಡ್ಲಿಲ್ಲಂತ. ಮರುದಿನ ನೀರಿಗೆ ಹೋದ್ಲು. ಕೊಡ ಇಟ್ಟಳು. ಹಗ್ಗಾ ಬಿಡಾಕ ಕೈ ಏಳಲಿಲ್ಲ, ತಿರಿಗಿ ಆ ಗುಡಿಸಲಕ ಹೋಗಾಕ ಕಾಲೂ ಏಳಲಿಲ್ಲ. ಹಾದಿ ಹಿಡದು ಮಂದಿ ಮಿರಜಿಗೆ ಹೊಂಟಿದ್ರು. ಅವರ ಬೆನ್ನ ಹತ್ತಿದ್ಲು. ಮಿರಜಿಂದ ಮುಂಬಯಿ. ಮುಂಬಯಿದಾಗ ಯಾರೋ ಕೆಲಸ ಕೊಡ್ತೇವಂದ್ರು, ಹೆಬ್ಬಟ್ಟ ಒತ್ತಿದ್ಲು."

ಇಲ್ಲಿ ಬಂದು ಕಬ್ಬು ಕಡಿದಳು, ಕಲ್ಲು ಆರಿಸಿದಳು, ಇನ್ನೊಬ್ಬರೊಂದಿಗೆ ಸಂಸಾರ ಹೂಡಿದಳು, ಪಾರ್ವತಿಬಾಯಿಯನ್ನು ಹಡೆದಳು. ಪ್ರತಿ ವರ್ಷ ಒಂದು ಕುಂಚಿಗೆ ಹೊಲಿದು, ಕೂಸಿನ ತಲೆಗೆ ಹಾಕುವ ಆ ಟೊಪ್ಪಿಗೆಯನ್ನು ಸಮುದ್ರಕ್ಕೆ ಬಿಡುತ್ತಿದ್ದಳು. ಆಕೆ ಹೋಗಿ ಮೂವತ್ತು ವರ್ಷ. ಅಂದಿನಿಂದ ಮಗಳು ಹೊಲಿದು ಬಿಡುತ್ತಿದ್ದಾರೆ. ಅವರ ತೊಡೆಯ ಮೇಲಿದ್ದದ್ದು ಅದೇ.

ನನ್ನ ಮದುವೆಯಾಗಿ ಆಗ ಮೂವತ್ತೆರಡು ವರ್ಷ. ಹೊಸ ಸೊಸೆಯಾಗಿ ನಾನು ಬಾವಿಗೆ ಉಡಿ ತುಂಬಿದ ದಿನ ತುಳಸವ್ವ ಈ ಪಡಸಾಲೆಯಲ್ಲಿ ಕುಳಿತಿದ್ದಳು. ಅಲ್ಲಿ ಮಗ ತಾಯಿಗೆ ಸೀರೆ ಇಡುತ್ತಿದ್ದ, ಇಲ್ಲಿ ತಾಯಿ ಮಗನಿಗೆ ಕುಂಚಿಗೆ ಬಿಡುತ್ತಿದ್ದಳು. ಅರವತ್ತು ವರ್ಷ.

"ನಿಮ್ಮನ್ನ ಒಂದ ಕೇಳ್ತೇನ್ರಿ," ಎಂದರು ಪಾರ್ವತಿಬಾಯಿ. "ಆ ಗುಡಿಸಲ ಹಾಕಿದ ಹೊಲಾ ಯಾವುದು, ಕೂಸನ್ನ ಎಲ್ಲಿ ಹುಗದಾರ, ಹಿರ್ಯಾರನ್ನ ಕೇಳಿ ಒಂದ ಹಿಡಿ ಮಣ್ಣ ಕಳಸ್ರಿ. ನಮ್ಮವ್ವನ ಬೂದಿ ಬಿಟ್ಟ ಜಾಗಾದಾಗ ಅದನ್ನ ಬಿಡ್ತೇನಿ. ತಾಯಿ ಮಗಾ ಒಂದ ಕಡೆ ಆಗ್ಲಿ. ಅದೊಂದ ಆದ್ರ ನಾ ಕಣ್ಣ ಮುಚ್ಚೇನು."

ನೀರು ಕುಡಿದು ಬರುತ್ತೇನೆಂದು ಹೊರಗೆ ಎದ್ದು ಬಂದೆ. ಅಣ್ಣಾಸಾಹೇಬರಿಗೆ ಎಲ್ಲ ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು.

"ವೈನಿ, ಹೇಳಬ್ಯಾಡ್ರಿ. ಮುದಕಿ ತಡ್ಕೊಳ್ಳೂದಿಲ್ಲ. ಯಾವದರ ಹೊಲದ್ದ ಒಂದ ಹಿಡಿ ಮಣ್ಣ ಪುಡಿಕ್ಯಾಗ ಕಟ್ಟಿ ಪೋಸ್ಟಿಗೆ ಹಾಕ್ರಿ. ಮಣ್ಣ ಮಣ್ಣ ಎಲ್ಲಾ ಒಂದ."

"ಸಾವ್ಕಾರ್ರ, ಆ ಕೂಸಿಗೆ ನಾ ಇಪ್ಪತ್ನಾಕ ವರ್ಷ ರೊಟ್ಟಿ ಬಡದ ಹಾಕೇನ್ರಿ. ಅದನ್ನ ಹೆಂಗ ಹುಗೀಲಿ?"

ಸುಳ್ಳು ಹೇಳಲು ನನಗೂ ಬರುತ್ತದೆ; ಕಮಲವ್ವನಿಗೆ, ಯಜಮಾನರಿಗೆ ದಿನಕ್ಕೆ ನಾಲ್ಕು ಹೇಳುತ್ತೇನೆ. ಆದರೆ ಮಣ್ಣು ಕೈಯಲ್ಲಿ ಹಿಡಿದು ಕಟ್ಟಿ ಕಳಿಸುವ ಸುಳ್ಳು ಬೇರೆ. ಒಳಗೆ ಹೋಗಿ ಅವರ ಎದುರಿಗೆ ನೆಲದ ಮೇಲೆ ಕುಳಿತೆ.

"ಆಯಿ, ಕೂಸ ಸತ್ತಿರಲಿಲ್ರಿ," ಎಂದೆ.

ಮೊರದ ಸಂಗತಿ ಹೇಳಿದೆ, ತಿಪ್ಪೆಯ ಸಂಗತಿ ಹೇಳಿದೆ. ತಾಯಿ ಖರೇ ಅಳಬೇಕೆಂದು ತಾಯಿಗೆ ಹೇಳದೆ ಬಿಟ್ಟದ್ದನ್ನು ಹೇಳಿದೆ. ಆ ಕೂಸು ಬೆಳೆದು, ಒಕ್ಕಲುತನ ಮಾಡಿ, ಐದು ಮಕ್ಕಳ ತಂದೆಯಾಗಿ, ಎಂಬತ್ತೈದಕ್ಕೆ ನನ್ನ ಕೈಯಲ್ಲಿ ನೀರು ಕುಡಿದು ಪ್ರಾಣ ಬಿಟ್ಟದ್ದನ್ನು ಹೇಳಿದೆ. ನೀವು ನನಗೆ ಆಯಿ ಅಲ್ಲ, ಅತ್ತೆ ಆಗಬೇಕು ಎಂದೂ ಹೇಳಿದೆ.

ಪಾರ್ವತಿಬಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಬದಿಗಿಟ್ಟರು.

"ಎಷ್ಟ ದಿನಕ್ಕ ತಿರಿಗಿ ತಂದ್ರು?"

"ಮೂರ ದಿನಕ್ರಿ."

"ಮೂರ ದಿನ," ಎಂದರು. "ಮೂರ ದಿನ ಅಷ್ಟನ?" ಬೆರಳು ಮಡಚಿ ಎಣಿಸಿದರು, ಒಂದು, ಎರಡು, ಮೂರು; ಮತ್ತೆ ಬಿಚ್ಚಿ ಮತ್ತೆ ಎಣಿಸಿದರು. "ನಿಮ್ಮ ಮನಿಯಾಗ ಈ ಮಾತ ಎಲ್ಲಾರಿಗೂ ಗೊತ್ತಿತ್ತೇನು?"

"ಗೊತ್ತಿತ್ರಿ. ಲಗ್ನದಾಗ ಹೇಳ್ತಾರ." ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. "ಹೇಳಿ ನಗ್ತೇವ್ರಿ."

ಕಾಲಿಗೆ ಬಿದ್ದೆ. ಅವರು ಕಾಲು ಹಿಂದೆ ಎಳೆದುಕೊಂಡು ಗೌನಿನೊಳಗೆ ಮುಚ್ಚಿಕೊಂಡರು. "ಸುನೀತಾ, ಇವರಿಗೆ ಹಾದಿ ತೋರ್ಸು," ಎಂದು ಗೋಡೆಯ ಕಡೆ ತಿರುಗಿದರು.

ಹೊರಡುವ ಬೆಳಿಗ್ಗೆ

ಆಮೇಲೆ ಎರಡು ದಿನ ಏನು ನೋಡಿದೆವೆಂದು ಕೇಳಿದರೆ ನನಗೆ ಹೇಳಲು ಬಾರದು. ಒಂದು ಕಾರ್ಖಾನೆ, ಒಂದು ಸಮುದ್ರದ ದಂಡೆ. ಹೇಳಬಾರದಿತ್ತು ಎಂದುಕೊಳ್ಳುತ್ತಿದ್ದೆ. ಬಾಳವ್ವಜ್ಜಿಯ ಮೇಲೆ ಸಿಟ್ಟು ಮಾಡಲು ಹೋಗಿ ಅದೂ ಆಗಲಿಲ್ಲ. ಮೊಮ್ಮಗನನ್ನು ಉಳಿಸಿಕೊಂಡವಳು ಆಕೆ. ಸೊಸೆಯ ಕೊಡ ಬಾವಿಯ ದಂಡೆಯ ಮೇಲೆ ಕಂಡಾಗ ಆಕೆಗೆ ಏನಾಗಿರಬೇಕು, ಅದನ್ನು ನುಂಗಿಕೊಂಡು ಎಷ್ಟು ವರ್ಷ ಇದ್ದಳೋ.

ಹೊರಡುವ ದಿನ ಮುಂಜಾನೆ ನಾವು ಇಳಿದುಕೊಂಡಲ್ಲಿ ಬಸ್ಸು ಬಂದು ನಿಂತಿತ್ತು. ಅಣ್ಣಾಸಾಹೇಬರು ಚೀಲ ಎಣಿಸುತ್ತಿದ್ದರು. ಒಂದು ಮೋಟರು ಬಂದು ನಿಂತು ಅದರಿಂದ ಸುನೀತಾ ಇಳಿದಳು, ಆಮೇಲೆ ಅವಳ ಹೆಗಲು ಹಿಡಿದು ಪಾರ್ವತಿಬಾಯಿ. ಮನೆ ಬಿಟ್ಟು ಇಷ್ಟು ದೂರ ಬಂದು ಹತ್ತು ವರ್ಷ ಆಗಿತ್ತಂತೆ. ಬಂದವರು ಬಾಗಿಲ ಮೆಟ್ಟಿಲ ಮೇಲೆ ಕುಳಿತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

"ಕುಂದರ. ಅವತ್ತ ನಾ ಪೂರಾ ಕೇಳ್ಲಿಲ್ಲ. ಮತ್ತ ಹೇಳ. ಮೊದಲಿಂದ."

"ಬಸ್ಸ ನಿಂತೈತ್ರಿ ಅತ್ತ್ಯಾರ."

"ನಿಂದ್ರಲಿ."

ಮೊದಲಿಂದ ಹೇಳಿದೆ. ಈ ಸಲ ಅವರು ಅಡಿಗಡಿಗೆ ತಡೆದು ಕೇಳಿದರು. ಎತ್ತರ ಎಷ್ಟಿದ್ದ? ಬಾಗಿಲಿಗೆ ತಲೆ ತಾಗುತ್ತಿತ್ತು ಎಂದೆ. ಏನು ಉಣ್ಣುತ್ತಿದ್ದ?

"ನುಚ್ಚು, ಮಜ್ಜಿಗಿ. ಹಲ್ಲ ಹೋದ ಮ್ಯಾಲೆ ಸಾರಿನಾಗ ರೊಟ್ಟಿ ನೆನಸಿ ಕೊಡ್ತಿದ್ನಿ."

"ಸಿಟ್ಟ ಇತ್ತ?"

"ಇತ್ರಿ. ಉಪ್ಪ ಕಡಿಮಿ ಆತಂದ್ರ ತಾಟ ಮುಂದ ಸರಸ್ತಿದ್ರು, ಬಾಯಿ ಬಿಟ್ಟ ಅಂತಿದ್ದಿಲ್ಲ. ನಾವನ ತಿಳ್ಕೋಬೇಕು."

"ನಮ್ಮವ್ವನೂ ಹಂಗ," ಎಂದು ಪಾರ್ವತಿಬಾಯಿ ಮೊದಲ ಸಲ ನಕ್ಕರು. ಸುನೀತಾಳಿಗೆ ಅಲ್ಲಿಯ ಮಾತಿನಲ್ಲಿ ಅದನ್ನು ತಿರುಗಿಸಿ ಹೇಳಿದರು. ಅವಳೂ ನಕ್ಕಳು, ಕಣ್ಣು ಒರೆಸಿಕೊಂಡಳು. ಕೂದಲು ಗುಂಗುರೋ ಸೀದಾವೋ? ಎತ್ತುಗಳಿಗೆ ಹೊಡೆಯುತ್ತಿದ್ದನೋ? ಮಳೆಗಾಲದಲ್ಲಿ ಕೆಮ್ಮು ಬರುತ್ತಿತ್ತೋ? ನನಗೆ ಎಲ್ಲವೂ ಗೊತ್ತಿತ್ತು. ಮನೆಯ ಹೆಂಗಸಿಗೆ ಗೊತ್ತಿಲ್ಲದ್ದು ಏನಿರುತ್ತದೆ? ಒಂದೊಂದಕ್ಕೂ ಉತ್ತರ ಕೊಟ್ಟೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು.

ಚಾಲಕ ಹಾರ್ನ್ ಹೊಡೆದ. ಅಣ್ಣಾಸಾಹೇಬರು ಅವನನ್ನು ಗದರಿಸಿದ್ದು ಕೇಳಿಸಿತು.

"ಇನ್ನ ಒಂದ," ಎಂದರು ಪಾರ್ವತಿಬಾಯಿ. "ತಿಪ್ಪಿಮ್ಯಾಲೆ ಇಟ್ಟಳು ಅಂದಿ. ಮೂರ ದಿನಕ್ಕ ತಂದ್ಲು ಅಂದಿ. ಆರ ತಿಂಗಳ ಕೂಸು. ಆ ಮೂರ ದಿನ ಅಂವಗ ಹಾಲ ಯಾರ ಕುಡಿಸಿದ್ರು?"

ಮೂವತ್ತೆರಡು ವರ್ಷದಲ್ಲಿ ಆ ಕಥೆಯನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ. ಕಮಲವ್ವ ಹೇಳಿದ್ದು, ನೆರೆಯವರು ಹೇಳಿದ್ದು, ಸ್ವತಃ ಮಾವನವರು ಮೊಮ್ಮಕ್ಕಳಿಗೆ ಹೇಳಿದ್ದು. ಎಲ್ಲರ ಬಾಯಲ್ಲೂ ಮೊರ ತಿಪ್ಪೆಗೆ ಹೋಗುತ್ತದೆ, ಮರುಮಾತಿಗೆ ಮೂರು ದಿನ ಆಗಿರುತ್ತದೆ. ನಡುವೆ ಯಾರೂ ನಿಲ್ಲಲಿಲ್ಲ. ನಾಲ್ಕು ಮಕ್ಕಳನ್ನು ಹಡೆದು ಎದೆಹಾಲು ಕುಡಿಸಿದ ನಾನೂ ಕೇಳಿರಲಿಲ್ಲ.

"ಗೊತ್ತಿಲ್ರಿ ಅತ್ತ್ಯಾರ," ಎಂದೆ.

ಅವರು ತಲೆಯಾಡಿಸಿದರು. ನನ್ನ ಕೈ ಬಿಡದೆ, ಬಸ್ಸಿನ ಕಡೆ ನೋಡುತ್ತ ಹೇಳಿದರು:

"ನಮ್ಮವ್ವಗ ಮುಂಬಯಿ ಮುಟ್ಟೂತನಾ ಹಾಲ ನಿಂತಿದ್ದಿಲ್ಲಂತ. ಕುಪ್ಪಸ ತೊಯ್ಯೂದಂತ. ಹಾದಿಮ್ಯಾಲೆ ಯಾರಿಗೂ ಕಾಣದಂಗ ಗಿಡದ ಹಿಂದ ಕುಂತು, ಮಣ್ಣಾಗ ಹಿಂಡಿ ಚೆಲ್ಲಿ, ಮತ್ತ ಎದ್ದ ನಡೀತಿದ್ಲಂತ."